ಅಪ್ಪನ ಕಡಿವಾಣ

ಅಪ್ಪನ ನಾಲಿಗೆಯ ಬಲ ಅಂಚಿನಿಂದ ಹೆಬ್ಬೆರಳಿನ ಉಗುರಿನಷ್ಟು ಭಾಗವನ್ನು ಕತ್ತರಿಸಿ ತೆಗೆದು ನಾಲ್ಕು ವಾರವಾಗಿತ್ತು. ಗಾಯ ಮಾಯ್ದಿತ್ತು. ಮಾತು ಮಾತ್ರ ಸ್ವಲ್ಪ ಜಾರುತ್ತಿತ್ತು. 'ಕತ್ತರಿ' ಎನ್ನಲು ಹೋದರೆ 'ಕತ್ತಲಿ' ಎಂದು ಕೇಳಿಸುತ್ತಿತ್ತು. ಮೂವತ್ತೈದು ವರ್ಷದಿಂದ ಕತ್ತರಿ ಹಿಡಿದ ಟೈಲರ್ ಅವನು. ಗಿರಾಕಿಗಳು ವಿಚಾರಿಸಿದರೆ "ಹಲ್ಲು ಕೀಳಿಸ್ಕೊಂಡೆ" ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ರೇಡಿಯೇಷನ್ನಿಗೆ ಮೊದಲು ಬಾಯಿ ಚೊಕ್ಕವಾಗಿರಬೇಕೆಂದು ಎರಡು ಹುಳುಕು ಹಲ್ಲು ಕಿತ್ತಿದ್ದರು.

ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಡಾಕ್ಟರಮ್ಮ ಅಪ್ಪನ ಬಾಯಿಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಮೇಲಿನ ಸಾಲು, ಕೆಳಗಿನ ಸಾಲು ಎರಡರ ಅಚ್ಚನ್ನೂ ತೆಗೆದರು. ಆಮೇಲೆ ಅವನ ಮಗಳತ್ತ ತಿರುಗಿದರು.

"ಒಂದು ಬಾಯಿತುಂಡು ಮಾಡಿಸ್ಬೇಕು. ಕಿರಣ ಕೊಡುವಾಗ ಹಲ್ಲಿನ ಮಧ್ಯೆ ಕಚ್ಕೊಂಡಿರ್ಬೇಕು. ನಾಲಿಗೆನ ಕೆಳಗೆ ಒತ್ತಿ ಹಿಡಿಯುತ್ತೆ, ಅಂಗುಳನ್ನ ದೂರ ಇಡುತ್ತೆ. ಬೀಳ್ಬೇಕಾದ ಕಡೆ ಮಾತ್ರ ಕಿರಣ ಬೀಳಲಿ. ಚೆನ್ನಾಗಿರೋ ಜಾಗ ಯಾಕೆ ಸುಡ್ಬೇಕು?"

"ಎಷ್ಟು ದಿನ ಆಗುತ್ತೆ ಮೇಡಂ?"

"ನಮಗೆ ಮಾಡ್ಕೊಡೋರು ಹನ್ನೆರಡು ದಿನ ಅಂತಾರೆ. ಅಷ್ಟು ಕಾಯೋಕಾಗಲ್ಲ. ಅದಿಲ್ಲದೇ ಶುರು ಮಾಡ್ಬೇಕಾಗುತ್ತೋ ಏನೋ."

"ಅಚ್ಚು ನನಗೆ ಕೊಡಿ, ಮೂರು ದಿನದಲ್ಲಿ ತರ್ತೀನಿ."

ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಹಲ್ಲಿನ ಸೆಟ್ ಕಟ್ಟೋ ಲ್ಯಾಬಿನಲ್ಲಿದೀನಿ. ಹನ್ನೆರಡು ವರ್ಷ ಆಯ್ತು."

ಡಾಕ್ಟರಮ್ಮ ಒಂದು ಕಾಗದ ಎಳೆದುಕೊಂಡು ಚಿತ್ರ ಬರೆದು ತೋರಿಸಿದರು. ಬಾಯಿ ಎಷ್ಟು ತೆರೆದಿರಬೇಕು, ನಾಲಿಗೆಯ ಮೇಲೆ ಬರುವ ಹಲಗೆ ಎಷ್ಟು ಹಿಂದೆ ಹೋಗಬೇಕು, ಉಸಿರಿಗೆ ಮುಂದೆ ತೂತು ಎಷ್ಟು ಅಗಲ. ಲೋಹ ಒಂದು ಚೂರೂ ಇರಕೂಡದು. ಮಗಳು ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಆ ದಿನ ಸಂಜೆ ಊಟಕ್ಕೆ ಕೂತಾಗ ಅಮ್ಮನ ಬಾಯಿ ಶುರುವಾಯಿತು.

"ನಿನಗ್ಯಾಕೆ ಬೇಕಿತ್ತು ಈ ಉಸಾಬರಿ? ಹೆಚ್ಚುಕಡಿಮೆ ಆದ್ರೆ ಯಾರನ್ನ ಕೇಳೋದು?"

"ನನ್ನನ್ನ ಕೇಳು."

"ನಿನ್ನನ್ನ ಕೇಳಿದ್ರೆ ಅವರ ಬಾಯಿ ವಾಪಸ್ ಬರುತ್ತಾ?"

"ಅಮ್ಮ, ಹನ್ನೆರಡು ದಿನ ಕಾಯೋ ಹಾಗಿಲ್ಲ. ಇಲ್ಲದೇ ಹೋದ್ರೆ ಅಂಗುಳೂ ಸುಟ್ಟು ಹೋಗುತ್ತೆ. ಅದು ಬೇಕಾ ನಿನಗೆ?"

"ಮೆಲ್ಲಗೆ," ಎಂದು ಅಪ್ಪ ಹಿತ್ತಲ ಬಾಗಿಲ ಕಡೆ ಕಣ್ಣು ತೋರಿಸಿದ. ಅಲ್ಲಿ ಅವನ ತಾಯಿ, ಎಂಬತ್ತಮೂರು ವರ್ಷದ ಅಜ್ಜಿ, ಮಣೆಯ ಮೇಲೆ ಕೂತು ಅನ್ನಕ್ಕೆ ಹಾಲು ಹಾಕಿ ಕಿವುಚುತ್ತಿದ್ದಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮೊಮ್ಮಗಳು ಸೆಟ್ ಕಟ್ಟಿಕೊಡುತ್ತೇನೆಂದು ಹತ್ತು ವರ್ಷದಿಂದ ಹೇಳುತ್ತಿದ್ದರೂ "ಹೋಗೋ ವಯಸ್ಸಲ್ಲಿ ಯಾರಿಗೆ ನಕ್ಕು ತೋರಿಸ್ಲಿ" ಎಂದು ತಳ್ಳಿಹಾಕಿದ್ದಳು. ಮಗನಿಗೆ ಹಲ್ಲಿನ ಬುಡದಲ್ಲಿ ಹುಣ್ಣಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದರು.

"ನನಗೇನು ಮೆಲ್ಲಗೆ," ಎಂದಳು ಅಜ್ಜಿ, ತಟ್ಟೆಯಿಂದ ಕಣ್ಣೆತ್ತದೆ. "ಹೋಗಿರೋದು ಹಲ್ಲು. ಕಿವಿ ಇದೆ."

ಅಮ್ಮ ಅಪ್ಪನ ಮುಖ ನೋಡಿದಳು.

"ಮಾಡಲಿ ಬಿಡೇ," ಅಜ್ಜಿ ಸೊಸೆಗೆ ಹೇಳಿದಳು. "ಅವರಪ್ಪನ ಬಾಯಿ. ಬೇರೆಯವರಿಗಿಂತ ಅವಳೇ ಜೋಪಾನವಾಗಿ ಮಾಡ್ತಾಳೆ."

ಮಗಳು ಕೆಲಸ ಮಾಡುವ ಲ್ಯಾಬು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಒಂದು ಮೇಜು, ನಾಲ್ಕು ದೀಪ, ಎಲ್ಲೆಲ್ಲೂ ಬಿಳಿ ಧೂಳು. ಗೋಡೆಯ ಗೂಡುಗಳಲ್ಲಿ ಊರಿನವರ ದವಡೆಗಳು ಸಾಲಾಗಿ ಕೂತಿದ್ದವು. ಅಪ್ಪನ ಅಚ್ಚಿಗೆ ಗಾರೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಅವಳು ಅಂಗೈಯಲ್ಲಿಟ್ಟು ನೋಡಿದಳು. ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು. ದಾರ ಕಡಿದು ಕಡಿದು ಆದದ್ದು. ಅಪ್ಪನ ಬಾಯನ್ನು ಅವಳು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮೇಣದಲ್ಲಿ ಆಕಾರ ಕಟ್ಟಿದಳು, ಬೇಯಿಸಿದಳು, ಉಜ್ಜಿದಳು. ಎರಡನೆಯ ದಿನಕ್ಕೆ ಗಾಜಿನಂತೆ ತಿಳಿಯಾದ ತುಂಡೊಂದು ತಯಾರಾಯಿತು. ಮೇಲೆ ಕೆಳಗೆ ಹಲ್ಲಿನ ಗುರುತು, ಮುಂದೆ ಉಸಿರಿನ ತೂತು, ಹಿಂದಕ್ಕೆ ಚಾಚಿದ ನುಣುಪು ಹಲಗೆ.

ಮನೆಯಲ್ಲೇ ಮೊದಲು ಹಾಕಿ ನೋಡಿದರು. ಅಪ್ಪ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ.

"ಇಷ್ಟು ವರ್ಷ ನಾನು ಟ್ರಯಲ್‌ಗೆ ಕರೀತಿದ್ದೆ. ಈಗ ನನಗೇ ಟ್ರಯಲ್," ಎಂದ.

"ಮಾತಾಡ್ಬೇಡ. ಕಚ್ಚು."

ಕಚ್ಚಿದವನೇ ಓಕರಿಸಿದ. ಕಣ್ಣಲ್ಲಿ ನೀರು ಬಂತು. ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಹಿಂದುಗಡೆ ಉದ್ದ ಆಯ್ತು. ಎಡಗಡೆ ಕಂಕುಳಲ್ಲಿ ಬಿಗಿ."

"ಬಾಯಲ್ಲಿ ಯಾವ ಕಂಕುಳಪ್ಪಾ?"

"ಬಿಗಿ ಅಂದ್ರೆ ಬಿಗಿ. ಗಿರಾಕಿ ಹೇಳಿದ್ದು ಕೇಳ್ಬೇಕು."

ಅವಳು ಮರುದಿನ ಲ್ಯಾಬಿಗೆ ಒಯ್ದು ಕೂದಲೆಳೆಯಷ್ಟು ತೇದಳು. ಮತ್ತೆ ಹಾಕಿದಳು, ಮತ್ತೆ ತೇದಳು. ನಾಲ್ಕನೆಯ ಸಲ ಅಪ್ಪ ಓಕರಿಸಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕುದುರೆಗೆ ಕಡಿವಾಣ ಹಾಕ್ದಂಗಿದೆ," ಎಂದಳು. ಆವತ್ತಿನಿಂದ ಅದರ ಹೆಸರು ಕಡಿವಾಣವೇ ಆಯಿತು.

ಆಸ್ಪತ್ರೆಯವರು ಅದನ್ನು ಕಚ್ಚಿಸಿಯೇ ಮುಖಕ್ಕೆ ಬಲೆಯಂಥ ಮುಖವಾಡ ಅಚ್ಚು ಹಾಕಿದರು, ಸ್ಕ್ಯಾನ್ ಮಾಡಿದರು. ಮೂವತ್ತು ಸಿಟ್ಟಿಂಗು. ವಾರಕ್ಕೆ ಐದು, ಶನಿವಾರ ಭಾನುವಾರ ಬಿಡುವು. ನಡುವೆ ತಪ್ಪಿಸಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಮಗಳು ಲ್ಯಾಬಿನಲ್ಲಿ ಹೇಳಿಕೊಂಡು ಬೆಳಿಗ್ಗೆ ಎರಡು ಗಂಟೆ ತಡವಾಗಿ ಹೋಗುವುದೆಂದಾಯಿತು. ಅಪ್ಪನನ್ನು ಕರೆದೊಯ್ಯುವುದು, ಕಾಯುವುದು, ಮನೆಗೆ ತಂದುಬಿಟ್ಟು ಕೆಲಸಕ್ಕೆ ಓಡುವುದು. ಅಮ್ಮ ಅಂಗಡಿ ನೋಡಿಕೊಂಡಳು. ಶಾಲೆ ತೆರೆಯುವ ಕಾಲ. ಸಮವಸ್ತ್ರದ ರಾಶಿ ಕತ್ತರಿಸಿಟ್ಟಂತೆಯೇ ಬಿದ್ದಿತ್ತು. ಅಪ್ಪ ಒಂದು ಗಂಟೆ ಕೂತರೆ ಸುಸ್ತಾಗುತ್ತಿದ್ದ. ಅಜ್ಜಿ ಹಿತ್ತಲ ಬೆಳಕಿನಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಟ್ಟರೆ ಸಾಕು, ಉಳಿದದ್ದು ಬೆರಳೇ ನೋಡಿಕೊಳ್ಳುತ್ತಿತ್ತು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ನಾಲಿಗೆ ಕೆಂಪಾಯಿತು, ಆಮೇಲೆ ಬಿಳಿ ಪೊರೆ ಕಟ್ಟಿತು. ಉಗುಳು ಅಂಟಂಟಾಯಿತು. ನೀರು ಕುಡಿದರೂ ಉರಿ.

"ಅಂಗುಳು ನೋಡಿ, ಹೆಂಗಿದೆ!" ಎಂದು ಡಾಕ್ಟರಮ್ಮ ಟಾರ್ಚು ಬಿಟ್ಟು ಮಗಳಿಗೆ ತೋರಿಸಿದರು. "ಒಂದು ಕಲೆ ಇಲ್ಲ. ಚೆನ್ನಾಗಿ ಮಾಡಿದ್ದೀಯಮ್ಮ."

ಮಗಳಿಗೆ ಹಿಗ್ಗಾಯಿತು. ಮನೆಗೆ ಬಂದು ಅಮ್ಮನಿಗೆ ಹೇಳಿದಳು.

"ಅಂಗುಳಿಟ್ಕೊಂಡು ಏನ್ಮಾಡೋದು, ಅವರು ತಿಂತಾನೇ ಇಲ್ಲ," ಎಂದಳು ಅಮ್ಮ.

ಅದು ನಿಜ. ಗಂಜಿ ಕೊಟ್ಟರೆ ಲೋಟ ತಳ್ಳುತ್ತಿದ್ದ. ಹಾಲು, ಮೊಟ್ಟೆ ಕಲಕಿದ ನೀರು, ಬೇಳೆಯ ತಿಳಿ, ಬಾಳೆಹಣ್ಣು ಕಿವುಚಿದ್ದು, ಯಾವುದೂ ಬೇಡ. ಮಾತನ್ನೂ ಬಿಟ್ಟಿದ್ದ. ಏನಾದರೂ ಹೇಳಬೇಕಾದರೆ ಕಪ್ಪು ಬಟ್ಟೆಯ ತುಂಡಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ತೋರಿಸಿ ಕೊಡವುತ್ತಿದ್ದ. ಹೆಚ್ಚಾಗಿ ಬರೆಯುತ್ತಿದ್ದದ್ದು ಒಂದೇ ಮಾತು: ಬೇಡ.

"ಬೇಡ ಅಂದ್ರೆ ಮೂಗಿಗೆ ನಳಿಗೆ ಹಾಕ್ತಾರಂತೆ! ಅದು ಬೇಕಾ?" ಅಮ್ಮ ಕೂಗಾಡಿದಳು. "ಬೆಳಿಗ್ಗೆಯಿಂದ ಮೂರು ಸಲ ಬಿಸಿ ಮಾಡಿದೀನಿ. ನನಗೇನು ಎಂಟು ಕೈಯಾ? ಆ ಕಡೆ ಗಿರಾಕಿ ನಿಂತಿದಾರೆ."

"ಅಮ್ಮ, ಬೈದ್ರೆ ಗಂಟಲಲ್ಲಿ ಇಳಿಯುತ್ತಾ?"

"ನೀನು ಸುಮ್ನಿರೇ. ಬೆಳಿಗ್ಗೆ ಹೋದ್ರೆ ಸಂಜೆ ಬರೋಳು ನೀನು."

ಅಜ್ಜಿ ಗುಂಡಿಯ ಡಬ್ಬಿ ಮುಚ್ಚಿ, ಗೋಡೆ ಹಿಡಿದುಕೊಂಡು ಎದ್ದು ಬಂದು ಮಗನ ಪಕ್ಕದಲ್ಲಿ ಕೂತಳು.

"ಲೋಟ ಇಲ್ಲಿ ಕೊಡು," ಎಂದಳು ಸೊಸೆಗೆ. ಆಮೇಲೆ ಮಗನಿಗೆ: "ನೋಡು ಮಗ. ನೀನು ಕುಡಿದ್ರೆ ನಾನು ಉಣ್ತೀನಿ. ನೀನು ಬಿಟ್ರೆ ನಾನೂ ಬಿಟ್ಟೆ. ಚಿಕ್ಕೋನಿದ್ದಾಗ ನೀನು ನನಗೆ ಇದೇ ಮಾಡ್ತಿದ್ದೆ. ನನಗೆ ಜ್ವರ ಬಂದ್ರೆ ನೀನು ಊಟ ಬಿಡ್ತಿದ್ದೆ."

ಅಪ್ಪ ಅವಳನ್ನು ನೋಡಿದ. ಲೋಟ ತೆಗೆದುಕೊಂಡ. ಕಣ್ಣು ಮುಚ್ಚಿ ಒಂದೊಂದೇ ಗುಟುಕು ನುಂಗಿದ. ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು.

ಅಮ್ಮನಿಗೆ ದೊಡ್ಡ ಭಾರ ಇಳಿದಂತಾಯಿತು. ಮರುದಿನದಿಂದ ಮಧ್ಯಾಹ್ನ ಮತ್ತು ಸಂಜೆಯ ಊಟವನ್ನು ಅತ್ತೆಗೇ ಒಪ್ಪಿಸಿದಳು. ಗಂಡನಿಗೆ ದೊಡ್ಡ ಲೋಟದಲ್ಲಿ ಗಂಜಿ, ಅತ್ತೆಗೆ ತಟ್ಟೆಯಲ್ಲಿ ಅನ್ನ, ಪಕ್ಕದಲ್ಲಿ ಹಾಲು. ಹಿತ್ತಲಲ್ಲಿ ಮುಚ್ಚಿಟ್ಟು ಅಂಗಡಿಗೆ ಹೋಗುತ್ತಿದ್ದಳು. ಒಂದೂವರೆ ಗಂಟೆ ಬಿಟ್ಟು ಬಂದರೆ ಲೋಟ ಖಾಲಿ, ತಟ್ಟೆ ಖಾಲಿ. ಹಗ್ಗದ ಮೇಲೆ ತೆಳು ಅಸ್ತರಿನ ಬಟ್ಟೆಯ ಚೌಕವೊಂದು ಒಗೆದು ಒಣಹಾಕಿರುತ್ತಿತ್ತು. ಗಂಡನ ಗಂಜಿಯನ್ನು ಅತ್ತೆ ಇನ್ನೊಮ್ಮೆ ಸೋಸಿಕೊಡುತ್ತಾಳೆ ಎಂದುಕೊಂಡು ಅಮ್ಮ ಸಮಾಧಾನಪಟ್ಟಳು.

"ಅತ್ತೆ, ನೀವು ಉಂಡ್ರಾ?"

"ಉಂಡೆ ಉಂಡೆ. ತಟ್ಟೆ ಕಾಣ್ಸಲ್ವಾ?"

ಪ್ರತಿ ಸೋಮವಾರ ಆಸ್ಪತ್ರೆಯಲ್ಲಿ ತೂಕ ನೋಡುತ್ತಿದ್ದರು. ನಾಲ್ಕನೆಯ ವಾರ, ಐದನೆಯ ವಾರ ಅಪ್ಪನ ತೂಕ ಇಳಿಯಲೇ ಇಲ್ಲ. ಅವನ ಜೊತೆ ಶುರುಮಾಡಿದವರಲ್ಲಿ ಇಬ್ಬರಿಗೆ ನಳಿಗೆ ಬಿದ್ದಿತ್ತು. ತೂಕದ ಯಂತ್ರದ ಹತ್ತಿರ ನಿಂತ ನರ್ಸು ಮಗಳನ್ನು ಕೇಳಿದಳು: "ಮನೇಲಿ ಯಾರಮ್ಮ ನೋಡ್ಕೊಳ್ಳೋದು? ಬೇರೆಯವರಿಗೂ ಹೇಳ್ಕೊಡಲಿ."

"ನಮ್ಮಜ್ಜಿ," ಎಂದಳು ಮಗಳು, ಹೆಮ್ಮೆಯಿಂದ.

ಅವಳು ದಿನಾ ಸಂಜೆ ಕಡಿವಾಣವನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದು, ದೀಪಕ್ಕೆ ಹಿಡಿದು, ಎಲ್ಲಾದರೂ ಗೀರು ಬಿದ್ದಿದೆಯೇ, ಅಂಚು ಒರಟಾಗಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದಳು. ಅದೇ ದೀಪದ ಕೆಳಗೆ ಅಜ್ಜಿ ಕೂತಿರುತ್ತಿದ್ದಳು.

"ಬಳೆ ಎಲ್ಲಜ್ಜಿ?" ಎಂದು ಒಂದು ದಿನ ಕೇಳಿದಳು.

"ಜಾರ್ತಿತ್ತು, ತೆಗೆದಿಟ್ಟೆ. ಮುದುಕಿ ಕೈ, ಇನ್ನೇನು ದಪ್ಪ ಆಗುತ್ತಾ?"

ಮಗಳು ನಕ್ಕಳು. ಮರುದಿನ ಇಪ್ಪತ್ತಮೂರನೆಯ ಸಿಟ್ಟಿಂಗು. ಬಟ್ಟೆ ತೆಗೆದಿಡಬೇಕಿತ್ತು, ಔಷಧಿ ತರಬೇಕಿತ್ತು.

ಇಪ್ಪತ್ತನಾಲ್ಕನೆಯ ಸಿಟ್ಟಿಂಗು ಮುಗಿಸಿ ತಂದೆ ಮಗಳು ಮನೆಗೆ ಬಂದಾಗ ಅಮ್ಮ ಬೀದಿಗೇ ಓಡಿಬಂದಳು. ಅಜ್ಜಿ ಬಚ್ಚಲಲ್ಲಿ ಕುಸಿದಿದ್ದಳು. ಏಟೇನೂ ಆಗಿರಲಿಲ್ಲ. ಆದರೆ ಎಬ್ಬಿಸಿ ಕೂರಿಸಿದರೆ ಕೂರುತ್ತಿರಲಿಲ್ಲ. ಮಗಳು ಎತ್ತಿಕೊಂಡಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಒಗೆದು ಹಿಂಡಿದ ಕಂಬಳಿಯಷ್ಟೂ ಭಾರವಿರಲಿಲ್ಲ.

ಬೀದಿಯ ಕೊನೆಯ ಡಾಕ್ಟರು ಬಂದು ನೋಡಿದರು. ಅಜ್ಜಿಯ ತೋಳಿನ ಚರ್ಮವನ್ನು ಚಿವುಟಿ ಬಿಟ್ಟರು; ಅದು ಮೇಲೆದ್ದದ್ದು ಇಳಿಯಲೇ ಇಲ್ಲ. ಎದೆಗೆ ಕೊಳವೆ ಇಟ್ಟು ಕೇಳಿದರು.

"ಎದೇಲಿ ಕಫ ತುಂಬಿದೆ. ಊಟ ಬಿಟ್ಟು ಎಷ್ಟು ದಿನ ಆಯ್ತು?"

"ಬಿಟ್ಟಿಲ್ಲ ಡಾಕ್ಟ್ರೇ," ಎಂದಳು ಅಮ್ಮ. "ದಿನಾ ಎರಡು ಹೊತ್ತು ತಟ್ಟೆ ತುಂಬ ಬಡಿಸಿಡ್ತೀನಿ."

"ಬಡಿಸಿರ್ತೀರಿ. ಉಂಡಿದ್ದನ್ನ ನೋಡಿದ್ದೀರಾ?"



ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಜ್ಜಿಗೆ ಅಲ್ಲಿರಲು ಇಷ್ಟವಿರಲಿಲ್ಲ. ಮೊಮ್ಮಗಳು ಚಮಚದಲ್ಲಿ ಹಾಲು ಹಿಡಿದರೆ ತುಟಿ ಬಿಗಿದು, "ಅವನು ಕುಡಿದ್ನಾ?" ಎಂದು ಕೇಳುತ್ತಿದ್ದಳು. ಕುಡಿದ ಎಂದರೆ ಎರಡು ಚಮಚ. ಮೂರನೆಯದು ಕಟವಾಯಿಯಲ್ಲಿ ಇಳಿದುಬಿಡುತ್ತಿತ್ತು. ಡ್ರಿಪ್ಪು ಹಾಕಲು ನರ ಸಿಗುತ್ತಿರಲಿಲ್ಲ. ನಾಲ್ಕನೆಯ ದಿನ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರುಗಳೇ ಮನೆಗೆ ಕಳಿಸಿದರು. ಬುಧವಾರ ಬೆಳಿಗ್ಗೆ ಆರೂವರೆಗೆ, ಅಮ್ಮ ಹಣೆ ಒರೆಸುತ್ತಿದ್ದಾಗ, ಅಜ್ಜಿಯ ಉಸಿರು ನಿಂತಿತು.

ಅಂದು ಇಪ್ಪತ್ತೆಂಟನೆಯ ಸಿಟ್ಟಿಂಗು. ಒಂಬತ್ತು ಗಂಟೆಗೆ.

ಎಂಟಕ್ಕೆ ಅಕ್ಕಪಕ್ಕದವರು ಬರತೊಡಗಿದರು. ಮಗಳು ಅಮ್ಮನನ್ನು ಅಡುಗೆಮನೆಗೆ ಕರೆದಳು.

"ಅಪ್ಪನ್ನ ಕರ್ಕೊಂಡು ಹೋಗಿ ಬಂದ್ಬಿಡ್ತೀನಿ. ಹನ್ನೊಂದರೊಳಗೆ ಬರ್ತೀವಿ."

"ನಿನಗೇನು ತಲೆ ಕೆಟ್ಟಿದೆಯೇನೇ? ಹೆತ್ತ ತಾಯಿ ಹೆಣ ಮನೇಲಿದೆ!"

"ಒಂದು ದಿನ ತಪ್ಪಿಸಬಾರದು ಅಂದಿದಾರೆ."

"ಒಂದು ದಿನಕ್ಕೆ ಏನು ಆಕಾಶ ಕಳಚಿ ಬೀಳುತ್ತೆ? ನಾಲ್ಕು ಜನ ಏನಂತಾರೆ?"

"ನಾಲ್ಕು ಜನ ಬಂದು ಅಪ್ಪನ ನಾಲಿಗೆ ಸರಿ ಮಾಡ್ತಾರಾ?"

"ನಿನ್ನ ನಾಲಿಗೆ ಮೊದಲು ಸರಿ ಮಾಡ್ಕೋ!"

ಅಪ್ಪ ಒಳಗೆ ಬಂದ. ಇಬ್ಬರನ್ನೂ ನೋಡದೆ ಗೂಡಿನಿಂದ ಡಬ್ಬಿ ತೆಗೆದ. ಕಡಿವಾಣವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ, ಕೊಡವಿದ, ಮತ್ತೆ ಡಬ್ಬಿಗಿಟ್ಟ. ಚಪ್ಪಲಿ ಮೆಟ್ಟಿಕೊಂಡು, ನೆರೆದವರ ನಡುವೆಯೇ ತಾಯಿಯ ಕಾಲಿನ ಹತ್ತಿರ ಒಂದು ಗಳಿಗೆ ನಿಂತು, ಬೀದಿಗಿಳಿದ. ಮಗಳು ಹಿಂದೆ ಓಡಿದಳು.

ಯಂತ್ರದ ಕೋಣೆಯಲ್ಲಿ ಅಂದೂ ಎಂದಿನಂತೆ ಹನ್ನೊಂದು ನಿಮಿಷ. ಬಾಯಲ್ಲಿ ತುಂಡು, ಮುಖದ ಮೇಲೆ ಬಲೆ, ಬಲೆಯನ್ನು ಹಲಗೆಗೆ ಬಿಗಿದ ಕೊಂಡಿ. ಹೊರಬಂದ ಟೆಕ್ನಿಷಿಯನ್ನು ಮಗಳನ್ನು ಪಕ್ಕಕ್ಕೆ ಕರೆದ.

"ಇವತ್ತು ತುಂಬ ನೋವಿದೆಯಾ ಅವರಿಗೆ? ಅಲ್ಲಾಡಲಿಲ್ಲ, ಪಾಪ. ಆದ್ರೆ ಮಾಸ್ಕ್ ಬಿಚ್ಚಿದಾಗ ಕಿವಿ ತನಕ ಒದ್ದೆ ಆಗಿತ್ತು."

ಮೂವತ್ತೂ ಮುಗಿದವು. ಬಂದ ನೆಂಟರು ಹೋದರು. ಮನೆಯಲ್ಲಿ ಮೂವರು ಉಳಿದರು. ಅಪ್ಪನ ಬಾಯಿಯ ಪೊರೆ ಒಂದೊಂದೇ ಕಡೆ ಬಿಟ್ಟುಕೊಂಡು ಬಂತು. ಮೂರು ವಾರದ ಹೊತ್ತಿಗೆ ಮೆತ್ತಗೆ ಬೇಯಿಸಿದ ಅನ್ನವನ್ನು ಚಮಚದಲ್ಲಿ ತಿನ್ನತೊಡಗಿದ. ಮಾತು ಮಾತ್ರ ಆಡುತ್ತಿರಲಿಲ್ಲ. ಆಡಬಹುದು ಎಂದು ಡಾಕ್ಟರು ಹೇಳಿದ್ದರು, ಆಡಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಇದ್ದಕ್ಕಿದ್ದಂತೆ ಸೌಟು ಕೆಳಗಿಟ್ಟಳು.

"ಆ ಬಳೆ ವಿಷಯ ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಯಾವ ಬಳೆ?"

"ಜಾರ್ತಿತ್ತು ಅಂತ ತೆಗೆದಿಟ್ರಂತಲ್ಲ. ನಿನ್ನೆ ಆ ಗುಂಡಿ ಡಬ್ಬೀಲಿ ಸಿಕ್ತು. ನಿನಗೆ ಗೊತ್ತಿತ್ತಂತೆ, ಅತ್ತೆನೇ ಪಕ್ಕದ ಮನೆಯವಳ ಹತ್ರ ಹೇಳಿದ್ರಂತೆ."

"ಗೊತ್ತಿತ್ತು. ವಯಸ್ಸಾಯ್ತಲ್ಲ ಅಂದ್ಕೊಂಡೆ."

"ಅಂದ್ಕೊಂಡೆ! ಕೂದಲೆಳೆ ಹೆಚ್ಚುಕಡಿಮೆ ಕಂಡುಹಿಡೀತೀಯ ಲ್ಯಾಬಲ್ಲಿ. ಕಣ್ಣೆದುರಿಗೆ ಮುದುಕಿ ಕರಗಿ ಹೋದ್ರೆ ಕಾಣ್ಸಲಿಲ್ವಾ?"

"ನಿನಗೆ ಕಾಣ್ಸಿತಾ?" ಮಗಳ ದನಿ ಏರಿತು. "ದಿನಾ ಬಡಿಸಿದ್ದು ಯಾರು? ಒಂದು ದಿನ, ಒಂದೇ ಒಂದು ದಿನ ಪಕ್ಕದಲ್ಲಿ ಕೂತು ನೋಡಿದ್ಯಾ? ಅಪ್ಪನ ಲೋಟ ಖಾಲಿ ಆದ್ರೆ ಸಾಕಾಗಿತ್ತು ನಿನಗೆ."

"ಅಂಗಡಿ ಯಾರು ನೋಡ್ಬೇಕಿತ್ತು? ನೀನು ನೋಡ್ತಿದ್ಯಾ? ಅತ್ತೆಗೆ ನಾನು ಕಡಿಮೆ ಮಾಡಿದೆ ಅಂತೀಯೇನೇ?"

"ಸಾಕು," ಎಂದ ಅಪ್ಪ.

ದನಿ ಒಡೆದಿತ್ತು, ತುಕ್ಕು ಹಿಡಿದ ಬಾಗಿಲಿನಂತೆ. ಇಬ್ಬರೂ ಅವನತ್ತ ತಿರುಗಿದರು.

"ಇಬ್ಬರದೂ ತಪ್ಪಿಲ್ಲ. ನಾನು ನೋಡ್ತಿದ್ದೆ."

"ಏನು ನೋಡ್ತಿದ್ರಿ?" ಎಂದಳು ಅಮ್ಮ.

ಅವನಿಗೆ ಒಂದೊಂದು ಮಾತಿಗೂ ನೀರು ಬೇಕಾಗುತ್ತಿತ್ತು. ಗುಟುಕರಿಸಿ ಗುಟುಕರಿಸಿ ಹೇಳಿದ.

"ನನ್ನ ಗಂಜಿ ಮುಗಿದ ಮೇಲೆ ಅವಳ ಅನ್ನಕ್ಕೆ ಅವಳ ಹಾಲು ಸುರಿದು ಕಿವುಚೋಳು. ಬಟ್ಟೇಲಿ ಸೋಸಿ ನನ್ನ ಲೋಟಕ್ಕೆ ಹಾಕೋಳು. ಬಟ್ಟೇಲಿ ಉಳಿದಿದ್ದಿಷ್ಟನ್ನ ಬಾಯಿಗೆ ಹಾಕ್ಕೊಳ್ಳೋಳು. ಮಧ್ಯಾಹ್ನ, ಸಂಜೆ. ದಿನಾ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೀನು ಬೇಡ ಅನ್ನಲಿಲ್ವಾ ಅಪ್ಪಾ?"

"ಮೊದಲ ದಿನ ತಲೆ ಅಲ್ಲಾಡಿಸ್ದೆ. 'ನಂದಾಯ್ತು, ನೀನು ಕುಡಿ' ಅಂದ್ಲು. ಆಗಿರ್ಲಿಲ್ಲ ಅಂತ ನನಗೆ ಗೊತ್ತಿತ್ತು. ಮಾತಾಡಿದ್ರೆ ಬಾಯಿ ಉರೀತಿತ್ತು... ಅದು ನೆಪ. ಬರೆದು ತೋರಿಸಬಹುದಿತ್ತು ನಿಮಗೆ. ಎರಡು ಅಕ್ಷರ. ಬರೀಲಿಲ್ಲ."

"ಯಾಕೆ?"

ಅಪ್ಪ ತಟ್ಟೆಯನ್ನೇ ನೋಡುತ್ತಿದ್ದ.

"ಆ ಸೋಸಿದ ಹಾಲು ಸಲೀಸಾಗಿ ಇಳೀತಿತ್ತು. ಮಿಕ್ಕಿದ್ದು ನುಂಗೋಕೆ ಪ್ರಾಣ ಹೋಗ್ತಿತ್ತು. ಸೋಮವಾರ ತೂಕ ಇಳಿದಿಲ್ಲ ಅಂದ್ರೆ ಸಂತೋಷ ಆಗ್ತಿತ್ತು. ನನಗೆ ಬದುಕ್ಬೇಕಿತ್ತು."

ಹೊರಗೆ ಅಂಗಡಿಯ ಬಾಗಿಲು ಯಾರೋ ತಟ್ಟಿದರು. "ಟೈಲರ್ ಇದಾರಾ?" ಎಂದು ಕೂಗಿದರು. ಯಾರೂ ಏಳಲಿಲ್ಲ. ತಟ್ಟಿದವರು ಸ್ವಲ್ಪ ಹೊತ್ತು ಕಾದು ಹೋದರು.

ಮಗಳು ಅಳುತ್ತಿದ್ದಳು. ಅಮ್ಮ ಅಳಲಿಲ್ಲ. ಅವಳು ತನ್ನ ಗಂಡನ ಮುಖವನ್ನು, ಕಿರಣ ಬಿದ್ದು ಕಪ್ಪಾದ ಅವನ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆರಿಹೋಗಿದ್ದ ಅನ್ನವನ್ನು ಅವನ ತಟ್ಟೆಯಿಂದ ತೆಗೆದು, ಬಿಸಿಯಾದದ್ದನ್ನು ಬಡಿಸಿ, ಹಾಲು ಸುರಿದು, ತನ್ನ ಬೆರಳುಗಳಿಂದಲೇ ನುಣ್ಣಗೆ ಕಿವುಚಿದಳು.

"ಉಣ್ಣಿ," ಎಂದಳು.

ಅವನು ಕೈ ಚಾಚಲಿಲ್ಲ.

"ಉಣ್ಣಿ ಅಂದೆ. ಬಿಟ್ರೆ ಅವರು ಕೊಟ್ಟಿದ್ದೂ ದಂಡ ಆಗುತ್ತೆ."

ಅಪ್ಪ ಚಮಚ ಎತ್ತಿದ. ಅಮ್ಮ ಮಗಳ ತಟ್ಟೆಗೂ ಬಡಿಸಿ, ತನಗೂ ಹಾಕಿಕೊಂಡಳು. ಮೂವರೂ ಒಬ್ಬರ ತಟ್ಟೆಯನ್ನೊಬ್ಬರು ನೋಡುತ್ತ ಉಂಡರು. ಯಾರೂ ಒಂದಗುಳನ್ನೂ ಬಿಡಲಿಲ್ಲ.